ಇಂಗುಗುಂಡಿ ಗೆದ್ದಿತೋ, ಮಳೆ ಗೆದ್ದಿತೋ?

ಹೊಳಲ್ಕೆರೆ ಕಡೆ ನಮ್ಮದು 3 ಎಕರೆ ಅಡಿಕೆ ತೋಟ. 2021ರ ಬೇಸಿಗೆಯಲ್ಲಿ ಬೋರ್ ಕೈಕೊಟ್ಟಾಗ ಹೊಸದು ಕೊರೆಸಲಿಲ್ಲ, ಹಳೆಯದಕ್ಕೇ ಇಂಗುಗುಂಡಿ ಮಾಡಿಸಿದೆ, ಅಂದರೆ ಮಳೆನೀರು ಸೋಸಿಕೊಂಡು ಬೋರಿನೊಳಗೆ ಇಳಿಯಲಿ ಅಂತ ಅದರ ಸುತ್ತ ತೋಡೋ ಗುಂಡಿ. "ದುಡ್ಡು ಮಣ್ಣಿಗೆ ಹಾಕ್ತಿದೀಯ" ಅಂದವರೇ ಜಾಸ್ತಿ. ಗುಂಡಿ ಮಾಡೋ ರೀತಿ ಇಲ್ಲಿ ಹೇಳಲ್ಲ. ಅದರಿಂದ ಉಪಯೋಗ ಆಯ್ತಾ ಇಲ್ವಾ ಅಂತ ತಿಳಿಯೋಕೆ ಪಟ್ಟ ಪಾಡು ಮಾತ್ರ ಹೇಳ್ತೀನಿ.

ಮೊದಲ ಮಳೆಗೇ ಏಟು ಬಿತ್ತು. ಕೇಸಿಂಗಿಗೆ, ಅಂದರೆ ಬೋರಿನ ಬಾಯಲ್ಲಿ ಇಳಿಸಿರೋ ಪೈಪಿಗೆ, ನೀರು ಸೋಸೋಕೆ ಸುತ್ತಿದ್ದ ಜಾಲರಿ ಸಡಿಲವಾಗಿ ಕೆಸರು ಒಳಗಿಳಿದು ಮೋಟಾರ್ ಸುಟ್ಟಿತು. ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋಕೆ 16-17 ಸಾವಿರ. ಗುಂಡಿಗೆ ಆಗಲೇ 38 ಸಾವಿರ ಹೋಗಿತ್ತು.

2022ರಲ್ಲಿ ಮಳೆ ಸುರಿದದ್ದು ಗೊತ್ತಲ್ಲ. ನೀರು ಬಂತು, ಊರೆಲ್ಲ ಹೇಳಿಕೊಂಡು ತಿರುಗಿದೆ. ಪಕ್ಕದ ತೋಟದವನು ನಕ್ಕ. "ಗುಂಡಿ ಇಲ್ಲದ ನನ್ ಬೋರಲ್ಲೂ ನೀರೈತಲ್ಲಣ್ಣ, ಅದ್ಯಾರ ಪುಣ್ಯ?" ಬಾಯಿ ಮುಚ್ಚಿಕೊಂಡೆ. ಅವನ ಬೋರನ್ನೇ ತಕ್ಕಡಿ ಮಾಡಿಕೊಳ್ಳಬೇಕು ಅಂತ ಆವಾಗ ಹೊಳೆಯಿತು. ನಮ್ಮದರಿಂದ ಸುಮಾರು 300 ಅಡಿ ದೂರ, ಆಳವೂ ಹೆಚ್ಚುಕಮ್ಮಿ ಅಷ್ಟೇ.

ತಿಂಗಳಿಗೊಮ್ಮೆ ಎರಡೂ ಕಡೆ 200 ಲೀಟರ್ ಡ್ರಮ್ ಇಟ್ಟು, ತುಂಬೋಕೆ ಎಷ್ಟು ಹೊತ್ತು ಅಂತ ಮೊಬೈಲಲ್ಲಿ ನೋಡಿದೆ. ಇದರಲ್ಲೂ ಮೋಸ ಹೋದೆ. ಮೋಟಾರ್ ಹಾಕಿದ ತಕ್ಷಣ ಹಿಡಿದರೆ ರಾತ್ರಿಯೆಲ್ಲ ನಿಂತ ನೀರು ಬರ್ತದೆ, ಆಗ ಯಾವ ಬೋರಾದರೂ ರಾಜನೇ! 2 ಗಂಟೆ ಓಡಿದ ಮೇಲೆ ಹಿಡಿಯಬೇಕು. ಬೋರಲ್ಲಿ ನೀರಿನ ಮಟ್ಟ ನೋಡೋಕೆ ಎರಡೆಳೆ ವೈರಿನ ತುದಿ ಸುಲಿದು, ಭಾರಕ್ಕೆ ಬೋಲ್ಟ್ ಕಟ್ಟಿ ಇಳಿಸಿದೆ. ಮೇಲೆ ವೈರಿಗೆ ಸಿಕ್ಕಿಸಿದ್ದ, ಕರೆಂಟ್ ಹರಿದರೆ ತೋರಿಸೋ ಹಳೇ ಮೀಟರಿನ ಮುಳ್ಳು ಅಲುಗಿದರೆ ನೀರು ಸಿಕ್ಕಿತು ಅಂತ. ಒಂದು ಸಲ ಸಿಕ್ಕಿಕೊಂಡ 60 ಅಡಿ ವೈರು ಇನ್ನೂ ಒಳಗೇ ಇದೆ. ಸಿಕ್ಕಿಕೊಳ್ಳದ ಹಾಗೆ ಇಳಿಸೋ ಉಪಾಯ ಆಮೇಲೆ ಸಿಕ್ಕಿತು, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸುಮ್ನೆ ಕುತೂಹಲಕ್ಕೆ, ನೀರಲ್ಲಿ ಕರಗಿರೋ ಲವಣ ಎಷ್ಟು ಅಂತ ತೋರಿಸೋ ಟಿಡಿಎಸ್ ಮೀಟರೂ ತರಿಸಿದೆ. ಮಳೆನೀರಲ್ಲಿ ಲವಣ ಕಮ್ಮಿ, ಅದು ಬೋರಿಗೆ ಇಳಿದರೆ ಅಂಕಿ ಇಳಿಯಬೇಕು. ಜೋರು ಮಳೆಯಾದ ಮೇಲೆ ನನ್ನ ನೀರು 900ರ ಆಸುಪಾಸಿನಿಂದ 600 ಚಿಲ್ಲರೆಗೆ ಇಳಿಯಿತು, ಅವನದು ಅಲ್ಲಾಡಲಿಲ್ಲ. ಸೋಪು ಚೆನ್ನಾಗಿ ನೊರೆ ಬರ್ತಿದೆ ಅಂತ ಮನೆಯವಳು ಮೀಟರಿಗಿಂತ ಮೊದಲೇ ಹೇಳಿದ್ದಳು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ನಿಜವಾದ ಪರೀಕ್ಷೆ 2023ರ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ. ನಮ್ಮ ಗುಂಡಿ ತುಂಬಿದ್ದೇ ಎರಡು ಸಲ. 2024ರ ಮಾರ್ಚಲ್ಲಿ ಅವನ ಬೋರ್ 20 ನಿಮಿಷಕ್ಕೇ ಗಾಳಿ ಉಗುಳ್ತಿತ್ತು. ನನ್ನದರಲ್ಲಿ 4 ನಿಮಿಷಕ್ಕೆ ಡ್ರಮ್ ತುಂಬ್ತಿತ್ತು. ಡ್ರಿಪ್ಪಿನ (ಹನಿ ನೀರಾವರಿಯ) 5 ವಾಲ್ವಲ್ಲಿ ದಿನಕ್ಕೆ 3 ಓಡಿದವು. 2021ರ ಮಾರ್ಚಲ್ಲಿ ಒಂದಕ್ಕೂ ಸಾಲುತ್ತಿರಲಿಲ್ಲ.

ಪೂರ್ತಿ ಗುಂಡಿಯ ಹೆಸರಿಗೇ ಬರೆಯೋಕೂ ಆಗಲ್ಲ. ಅವನು ಆಟೊ ಸ್ಟಾರ್ಟರ್ ಹಾಕಿ ಕರೆಂಟ್ ಇದ್ದಷ್ಟು ಹೊತ್ತೂ ಎಳೀತಾನೆ. ಮುಕ್ಕಾಲು ಪಾಲು ಗುಂಡಿಯದು ಅಂತ ನನ್ನ ಲೆಕ್ಕ. ಆದರೂ ನಾನು ಒಂದೇ ಒಂದು ಟ್ಯಾಂಕರ್ ತರಿಸಲಿಲ್ಲ, ಅವನು ಅದಕ್ಕೇ ಲಕ್ಷದ ಹತ್ತಿರ ಸುರಿದ.

ಮೇ ತಿಂಗಳಲ್ಲಿ ಇಂಗುಗುಂಡಿ ತೋಡೋಕೆ ಅವನ ತೋಟಕ್ಕೂ ಜೆಸಿಬಿ ಬಂತು. ಜಾಲರಿ ನಾನೇ ನಿಂತು ಸುತ್ತಿಸಿದೆ. ಹೋಲಿಸಿ ನೋಡೋಕೆ ಇನ್ನು ಬೇರೆ ಬೋರ್ ಹುಡುಕಬೇಕು.