ಗಡಸು ನೀರು: ಯಾವ ಬಗೆಯದೆಂದು ಮನೆಯಲ್ಲೇ ತಿಳಿಯುವುದು ಹೇಗೆ?

ಎಷ್ಟು ತಿಕ್ಕಿದರೂ ಸೋಪು ನೊರೆ ಬಿಡುವುದಿಲ್ಲ, ಒಗೆದ ಬಟ್ಟೆ ಒಣಗಿದ ಮೇಲೆ ಬಿರುಸಾಗುತ್ತದೆ, ನಲ್ಲಿಯ ಬಾಯಿಗೆ ಬಿಳಿ ಹಕ್ಕಳೆ ಕಟ್ಟುತ್ತದೆ, ಕಾಳು ಬೇಯಲು ಸತಾಯಿಸುತ್ತದೆ. ಇಷ್ಟು ಕಂಡೊಡನೆ ನೀರು ಮೆದುಗೊಳಿಸುವ ಯಂತ್ರ (ಸಾಫ್ಟ್‌ನರ್) ಕೊಳ್ಳಲು ಹೊರಡುವವರೇ ಹೆಚ್ಚು. ಸ್ವಲ್ಪ ತಡೆಯಿರಿ. ಗಡಸುತನದಲ್ಲಿ ಎರಡು ಬಗೆ. ಒಂದು ಒಲೆಗೆ ಮಣಿಯುತ್ತದೆ, ಇನ್ನೊಂದು ಎಷ್ಟು ಕುದಿಸಿದರೂ ಜಗ್ಗುವುದಿಲ್ಲ. ನಿಮ್ಮದು ಯಾವುದೆಂದು ತಿಳಿಯದೆ ಖರ್ಚು ಮಾಡುವುದು ವ್ಯರ್ಥ.

ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಸುಣ್ಣಕಲ್ಲಿನಂಥ ಬಂಡೆಗಳ ನಡುವೆ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಈ ಲವಣಗಳು ಬೈಕಾರ್ಬೊನೇಟ್ ರೂಪದಲ್ಲಿದ್ದರೆ ಅದು ತಾತ್ಕಾಲಿಕ ಗಡಸುತನ. ಸಲ್ಫೇಟ್, ಕ್ಲೋರೈಡ್‌ಗಳಾಗಿದ್ದರೆ ಶಾಶ್ವತ ಗಡಸುತನ. ಪ್ರಮಾಣವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಲೆಕ್ಕ ಹಾಕುತ್ತಾರೆ. ಬಳಕೆಯಲ್ಲಿರುವ ಒಂದು ವರ್ಗೀಕರಣದ ಪ್ರಕಾರ 60ರ ಒಳಗಿದ್ದರೆ ಮೆದು ನೀರು, 120 ದಾಟಿದರೆ ಗಡಸು, 180 ದಾಟಿದರೆ ಬಹಳ ಗಡಸು.

ಮೊದಲ ಹೆಜ್ಜೆ: ಸೋಪಿನ ಪರೀಕ್ಷೆ

ಸ್ನಾನದ ಸೋಪನ್ನು ತುರಿದು, ಒಂದು ಚಿಕ್ಕ ಚಮಚ ತುರಿಯನ್ನು ಒಂದು ಲೋಟ ಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿಕೊಳ್ಳಿ. ಪಾತ್ರೆ ತೊಳೆಯುವ ದ್ರವ ಇಲ್ಲಿ ಬೇಡ. ಡಿಟರ್ಜೆಂಟ್ ಗಡಸು ನೀರಿನಲ್ಲೂ ನೊರೆ ಕೊಟ್ಟು ನಿಮ್ಮನ್ನು ಏಮಾರಿಸುತ್ತದೆ. ಮುಚ್ಚಳವಿರುವ ಪಾರದರ್ಶಕ ಬಾಟಲಿಗೆ 50 ಮಿಲಿಲೀಟರ್ ಡಿಸ್ಟಿಲ್ಡ್ ನೀರು ಹಾಕಿ, ಸೂಜಿಯಿಲ್ಲದ ಸಿರಿಂಜಿನಿಂದ ಒಂದು ಮಿಲಿಲೀಟರ್ ಸೋಪಿನ ದ್ರಾವಣ ಬಿಟ್ಟು ಕುಲುಕಿ. ನೊರೆ ತಕ್ಷಣ ಏಳುತ್ತದೆ. ಈಗ ನಿಮ್ಮ ನಲ್ಲಿಯ ನೀರನ್ನೂ ಅಷ್ಟೇ ಅಳೆದು ಇನ್ನೊಂದು ಬಾಟಲಿಗೆ ಹಾಕಿ. ಒಂದೊಂದೇ ಮಿಲಿಲೀಟರ್ ಸೇರಿಸುತ್ತ, ಪ್ರತಿ ಸಲ ಕುಲುಕಿ, ನೊರೆ ಎರಡು ನಿಮಿಷ ನಿಲ್ಲುವವರೆಗೆ ಎಣಿಸುತ್ತ ಹೋಗಿ.

ಗಡಸು ನೀರಾದರೆ ಮೊದಲು ನೊರೆಯೇ ಇರುವುದಿಲ್ಲ. ನೀರು ಮಸುಕಾಗಿ, ಒಡೆದ ಹಾಲಿನಂಥ ಬಿಳಿ ಚೂರುಗಳು ತೇಲುತ್ತವೆ. ಕ್ಯಾಲ್ಸಿಯಂ ಸೋಪಿನೊಂದಿಗೆ ಕೂಡಿ ನೀರಿನಲ್ಲಿ ಕರಗದ ಪದಾರ್ಥವಾಗಿದೆ ಎಂದರ್ಥ. ಸ್ನಾನದ ಮನೆಯ ಬಕೆಟ್ಟಿನ ಅಂಚಿಗೆ ಅಂಟುವ ಕೊಳೆ ಗೆರೆಯಲ್ಲಿರುವುದೂ ಇದೇ. ಕ್ಯಾಲ್ಸಿಯಂ ಮುಗಿದ ಮೇಲಷ್ಟೇ ನೊರೆಯ ಸರದಿ. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಕ್ಲಾರ್ಕ್ ಗಡಸುತನವನ್ನು ಅಳೆದದ್ದೂ ಸೋಪಿನ ದ್ರಾವಣದಿಂದಲೇ.

ಟಿಡಿಎಸ್ ಮೀಟರ್ ಇದೆಯಲ್ಲ ಎನ್ನಬಹುದು. ಇಲ್ಲಿ ಅದರ ಬೇಳೆ ಬೇಯುವುದಿಲ್ಲ. ಅದು ಕರಗಿದ ಎಲ್ಲ ಲವಣಗಳನ್ನೂ ಒಟ್ಟಾಗಿ ಅಂದಾಜಿಸುತ್ತದೆ, ಕ್ಯಾಲ್ಸಿಯಂ ಯಾವುದು ಸೋಡಿಯಂ ಯಾವುದು ಎಂದು ಅದಕ್ಕೆ ತಿಳಿಯದು. ಡಿಸ್ಟಿಲ್ಡ್ ನೀರಿಗೆ ಶುದ್ಧ ಸೋಡಿಯಂ ಕ್ಲೋರೈಡ್ ಬೆರೆಸಿದರೆ ಮೀಟರ್ ಮೇಲಕ್ಕೆ ಜಿಗಿಯುತ್ತದೆ, ಗಡಸುತನ ಮಾತ್ರ ಸೊನ್ನೆ.

ಎರಡನೆಯ ಹೆಜ್ಜೆ: ಕುದಿಸಿ ನೋಡಿ

ಅದೇ ನೀರನ್ನು ಹದಿನೈದು ನಿಮಿಷ ಸಣ್ಣ ಉರಿಯಲ್ಲಿ, ಮುಚ್ಚಳವನ್ನು ಓರೆಯಾಗಿಟ್ಟು ಕುದಿಸಿ. ಹೆಚ್ಚು ಇಂಗಿಸಿದರೆ ಉಳಿದ ಲವಣಗಳೇ ಸಾಂದ್ರವಾಗಿ ಲೆಕ್ಕ ತಪ್ಪುತ್ತದೆ. ಆರಿದ ಮೇಲೆ ಗಸಿ ಕದಡದಂತೆ ತಿಳಿ ನೀರನ್ನು ಬಗ್ಗಿಸಿಕೊಂಡು ಪರೀಕ್ಷೆಯನ್ನು ಮತ್ತೆ ಮಾಡಿ. ಬೇಕಾದ ಸೋಪು ಗಣನೀಯವಾಗಿ ಕಡಿಮೆಯಾದರೆ ನಿಮ್ಮದು ಬಹುಪಾಲು ತಾತ್ಕಾಲಿಕ ಗಡಸುತನ. ಬೈಕಾರ್ಬೊನೇಟ್ ಒಡೆದು ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ತಳಕ್ಕೆ ಕೂತಿದೆ. ಕಡಿಮೆಯಾಗದಿದ್ದರೆ ಒಲೆಯ ಆಸೆ ಬಿಡಿ.

ಬಟ್ಟೆ ಒಗೆಯಲು

ವಾಷಿಂಗ್ ಸೋಡಾ ಎರಡೂ ಬಗೆಗೆ ಮದ್ದು. ಅಡುಗೆ ಸೋಡಾ ಬೇರೆ, ಅದು ಈ ಕೆಲಸಕ್ಕೆ ಬಾರದು. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ ಹತ್ತು ಲೀಟರ್ ನೀರಿಗೆ ಹರಳು ರೂಪದ ವಾಷಿಂಗ್ ಸೋಡಾ ಸುಮಾರು 9 ಗ್ರಾಂ ಬೇಕು. ನೀರಿನಂಶವಿಲ್ಲದ ಪುಡಿಯಾದರೆ 3 ಗ್ರಾಂಗಿಂತ ತುಸು ಹೆಚ್ಚು. ಮೊದಲು ಸೋಡಾ ಕರಗಿಸಿ, ಸ್ವಲ್ಪ ಹೊತ್ತು ಬಿಟ್ಟು ಸೋಪು ಹಾಕಿ. ರೇಷ್ಮೆ, ಉಣ್ಣೆ, ಅಲ್ಯೂಮಿನಿಯಂ ಪಾತ್ರೆಗಳಿಗೆ ಸೋಡಾ ತಾಗಿಸಬೇಡಿ. ಈ ನೀರು ಕುಡಿಯಲು ಅಲ್ಲ.

ಕೆಟಲಿನ ಹಕ್ಕಳೆ ತೆಗೆಯಲು

ಒಂದು ಹನಿ ವಿನೆಗರ್ ಬಿಟ್ಟು ನೋಡಿ. ಸಣ್ಣ ಗುಳ್ಳೆಗಳೆದ್ದರೆ ಅದು ಕಾರ್ಬೊನೇಟ್, ಆಮ್ಲಕ್ಕೆ ಕರಗುತ್ತದೆ. ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಮ್ಲ ಬೆರೆಸಿ ಅರ್ಧ ಗಂಟೆ ಬಿಡಿ. ಕುದಿಸುವ ಉಮೇದು ಬೇಡ, ಬಿಸಿಯಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಗಸಿ ಕೂರುವ ಸಾಧ್ಯತೆ ಹೆಚ್ಚು. ಆಮ್ಲವನ್ನು ಬ್ಲೀಚ್ ಜೊತೆ ಎಂದೂ ಸೇರಿಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಅಮೃತಶಿಲೆಯ ಮೇಲೂ ಚೆಲ್ಲಬೇಡಿ. ಕಲ್ಲೂ ಹಕ್ಕಳೆಯೂ ಒಂದೇ ರಾಸಾಯನಿಕ.

ಯಂತ್ರ ಬೇಕೇ?

ಶಾಶ್ವತ ಗಡಸುತನ ಹೆಚ್ಚಿದ್ದು, ಮನೆಗೆಲ್ಲ ಮೆದು ನೀರು ಬೇಕೆಂದರೆ ಬೇಕು. ಸಾಫ್ಟ್‌ನರ್‌ನೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರಿನಿಂದ ತೊಳೆದರೆ ಮತ್ತೆ ಸಿದ್ಧ. ಹೊರಬಂದ ನೀರಿನ ಟಿಡಿಎಸ್ ಹೆಚ್ಚುಕಡಿಮೆ ಹಿಂದಿನಷ್ಟೇ ಇರುವುದರಿಂದ ಮೋಸಹೋದೆವೆಂದು ಜಗಳಕ್ಕೆ ನಿಲ್ಲಬೇಡಿ. ಸೋಡಿಯಂ ಮಿತಿಗೊಳಿಸಬೇಕಾದವರು ಮಾತ್ರ ಇದನ್ನು ಕುಡಿಯುವ ಮುನ್ನ ವೈದ್ಯರನ್ನು ಕೇಳಲಿ. ಕುಡಿಯುವ ನೀರಿನ ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಆಧಾರದ ಮೇಲೆ ಮಿತಿಯನ್ನೇ ಗೊತ್ತುಪಡಿಸಿಲ್ಲ. ಇನ್ನು ಪೈಪಿಗೆ ಕಟ್ಟುವ ಅಯಸ್ಕಾಂತಗಳ ವಿಷಯ: ಅವು ನೀರಿನಿಂದ ಕ್ಯಾಲ್ಸಿಯಂ ತೆಗೆಯುವುದಿಲ್ಲ. ಅನುಮಾನವಿದ್ದರೆ ಅಯಸ್ಕಾಂತ ಕಟ್ಟುವ ಮೊದಲೊಮ್ಮೆ, ಕಟ್ಟಿದ ಮೇಲೊಮ್ಮೆ ಸೋಪಿನ ಪರೀಕ್ಷೆ ಮಾಡಿ ನೋಡಿ.