ಎಟಿಆರ್ ಬಿಟ್ಟು ಏರ್‌ಬಸ್ ಹತ್ತುವವರಿಗೆ: ಸೀನಿಯಾರಿಟಿ ನಂಬರು, ಸಿಮ್ಯುಲೇಟರ್, ಮನೆಯಲ್ಲಿ ನಿಂತ ಕಾರು

ಎಟಿಆರ್ 72 ಎಂಬ ಪ್ರೊಪೆಲರ್ ವಿಮಾನ ಹಾರಿಸುವ ಫಸ್ಟ್ ಆಫೀಸರ್‌ಗೆ (ಸಹ ಪೈಲಟ್) ಕಂಪನಿಯಿಂದ ಮೇಲ್ ಬರುತ್ತದೆ: ಏರ್‌ಬಸ್ 320 ಜೆಟ್‌ಗೆ ಜನ ಬೇಕು, ಆಸಕ್ತರು ಹೆಸರು ಕೊಡಿ. ಹೆಚ್ಚಿನವರು ಅವತ್ತೇ ಹೆಸರು ಕೊಟ್ಟುಬಿಡುತ್ತಾರೆ. ಎರಡು ದಿನ ತಡೆದು ಲೆಕ್ಕ ಹಾಕಿ. ಜೆಟ್ ಸಿಗುವುದು ಸಿಗುತ್ತದೆ. ಯಾವ ಸಾಲಿನ ಎಷ್ಟನೇ ಜಾಗದಲ್ಲಿ ಹೋಗಿ ನಿಲ್ಲುತ್ತೀರಿ ಅನ್ನುವುದರ ಮೇಲೆ ಮುಂದಿನ ಐದಾರು ವರ್ಷದ ರಜೆ, ನಿದ್ದೆ, ಕಮಾಂಡ್ (ಕ್ಯಾಪ್ಟನ್ ಪಟ್ಟ) ಎಲ್ಲ ನಿಂತಿದೆ.

ನಂಬರು ಓದುವ ಬಗೆ

ಕಂಪನಿಯ ಒಟ್ಟು ಸೀನಿಯಾರಿಟಿ ಪಟ್ಟಿಯಲ್ಲಿನ ನಂಬರೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿ ಮೂರು ಸಲ ಸೋಸಿ: ಮೊದಲು ವಿಮಾನ, ಆಮೇಲೆ ಬೇಸ್ (ಡ್ಯೂಟಿ ಶುರುವಾಗುವ ಊರು), ಕೊನೆಗೆ ಸೀಟು (ಕ್ಯಾಪ್ಟನ್ನೋ, ಫಸ್ಟ್ ಆಫೀಸರೋ). ಬೆಂಗಳೂರು ಬೇಸಿನ 60 ಎಟಿಆರ್ ಫಸ್ಟ್ ಆಫೀಸರ್‌ಗಳಲ್ಲಿ ನೀವು 15ನೆಯವರು ಎಂದಿಟ್ಟುಕೊಳ್ಳಿ. ಮೇಲಿನ ಕಾಲು ಭಾಗ, ದೀಪಾವಳಿಗೆ ರಜೆ ಕೇಳಿದರೆ ಸಿಗುವ ಜಾಗ. ಅದೇ ಬೇಸಿನ 320ರಲ್ಲಿ 400 ಜನರಿದ್ದು ನೀವು 370ನೆಯವರಾದರೆ, ಮೇಲಿನವರು ಆರಿಸಿ ಬಿಟ್ಟ ನಿದ್ದೆಗೆಡಿಸುವ ರಾತ್ರಿ ಫ್ಲೈಟುಗಳು ನಿಮ್ಮ ಪಾಲಿಗೆ.

ಕಮಾಂಡ್ ಯಾವಾಗ ಬಂದೀತು ಎಂದು ಅಂದಾಜು ಮಾಡಲು ಎರಡು ಅಂಕಿ ಬೇಕು. ನಿಮ್ಮ ಮೇಲಿರುವವರಲ್ಲಿ ಯಾರ್ಯಾರು ಯಾವ ವರ್ಷ 65 ಮುಟ್ಟುತ್ತಾರೆ ಎಂಬುದು ಒಂದು. ಏರ್‌ಲೈನ್ ಪೈಲಟ್‌ಗೆ ಅದೇ ಕಡೆಯ ವಯಸ್ಸು. ಬರಲಿರುವ ವಿಮಾನಗಳು ಎಷ್ಟು ಎಂಬುದು ಇನ್ನೊಂದು. ಒಂದು ಸಣ್ಣ ಜೆಟ್‌ಗೆ ಸುಮಾರು ಐದಾರು ಜೋಡಿ ಪೈಲಟ್ ಬೇಕು, ಅಂದರೆ ಹತ್ತು ವಿಮಾನ ಬಂದರೆ 50–60 ಎಡಗಡೆ (ಕ್ಯಾಪ್ಟನ್) ಸೀಟು. ಆದರೆ ಕಂಪನಿ ಹೊರಗಿನಿಂದ ನೇರ ಕ್ಯಾಪ್ಟನ್‌ಗಳನ್ನು ತೆಗೆದುಕೊಳ್ಳುವುದಾದರೆ ಈ ಲೆಕ್ಕ ಅರ್ಧಕ್ಕೆ ಬಿದ್ದುಹೋಗುತ್ತದೆ. ಅಮೆರಿಕದ ದೊಡ್ಡ ಏರ್‌ಲೈನ್‌ಗಳಲ್ಲಿ ಆ ದಾರಿ ಹೆಚ್ಚುಕಡಿಮೆ ಇಲ್ಲ. ಬೇರೆ ಕಡೆ ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವರೂ ಅಲ್ಲಿ ಪಟ್ಟಿಯ ಬುಡದಿಂದ ಶುರು ಮಾಡುತ್ತಾರೆ. ನಮ್ಮಲ್ಲಿ ಆ ದಾರಿ ತೆರೆದೇ ಇದೆ.

ಹೆಸರು ಕೊಡುವ ಮುಂಚೆ ಬರಹದಲ್ಲಿ ಉತ್ತರ ಪಡೆಯಬೇಕಾದ ಪ್ರಶ್ನೆಗಳು: ಹೊಸ ವಿಮಾನದಲ್ಲಿ ಸೀನಿಯಾರಿಟಿ ಸೇರಿದ ದಿನದಿಂದಲೋ, ತರಬೇತಿ ಮುಗಿಸಿ ಲೈನ್‌ಗೆ (ಪ್ರಯಾಣಿಕರ ಹಾರಾಟಕ್ಕೆ) ರಿಲೀಸ್ ಆದ ದಿನದಿಂದಲೋ? ಬಾಂಡ್ (ನಡುವೆ ಬಿಟ್ಟರೆ ದುಡ್ಡು ಕಟ್ಟುವ ಕರಾರು) ಎಷ್ಟು ವರ್ಷ, ಮೊತ್ತ ವರ್ಷವರ್ಷವೂ ಇಳಿಯುತ್ತದೋ, ಕೊನೆಯ ದಿನದವರೆಗೂ ಪೂರ್ತಿ ಇರುತ್ತದೋ? ಎಷ್ಟು ತಿಂಗಳು ಮತ್ತೆ ವಿಮಾನ ಬದಲಿಸುವಂತಿಲ್ಲ? ತರಬೇತಿಯ ಅವಧಿಯಲ್ಲಿ ಹಾರಾಟದ ಗಂಟೆಗೆ ಕೊಡುವ ಭತ್ಯೆ ಸಿಗುತ್ತದೆಯೇ? ಕೊನೆಯದನ್ನು ಕೇಳಲು ಸಂಕೋಚಪಟ್ಟವರು ನಾಲ್ಕು ತಿಂಗಳು ಮೂಲ ಸಂಬಳದಲ್ಲೇ ಮನೆ ಸಾಲದ ಕಂತು ಕಟ್ಟಬೇಕಾಗುತ್ತದೆ. ವಿಮಾನಯಾನ ನಿಯಂತ್ರಕ ಡಿಜಿಸಿಎ 2017ರಲ್ಲಿ ತಂದ ನಿಯಮದಂತೆ ನೋಟಿಸ್ ಅವಧಿ ಫಸ್ಟ್ ಆಫೀಸರ್‌ಗೆ ಆರು ತಿಂಗಳು, ಕ್ಯಾಪ್ಟನ್‌ಗೆ ಒಂದು ವರ್ಷ. ಇದೂ ಲೆಕ್ಕದಲ್ಲಿರಲಿ.

ಕಂಪನಿಗಳು ಕೂಡಿದಾಗ ಪಟ್ಟಿ ಬೆಸೆಯುವುದು ಇನ್ನೂ ಕಷ್ಟ. 2007ರಲ್ಲಿ ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಒಂದಾದವು. ಪೈಲಟ್‌ಗಳ ಸಾಲು ಮಾತ್ರ ಎರಡಾಗಿಯೇ ಉಳಿಯಿತು. ಬೋಯಿಂಗ್ 787 ಬರುವ ಹೊತ್ತಿಗೆ ಅದರ ತರಬೇತಿ ಯಾರಿಗೆ ಎಂಬ ಜಗಳ ಹೊತ್ತಿಕೊಂಡು, 2012ರ ಮೇ ತಿಂಗಳಲ್ಲಿ ಹಳೆಯ ಏರ್ ಇಂಡಿಯಾ ಕಡೆಯ ಪೈಲಟ್‌ಗಳು ಮುಷ್ಕರಕ್ಕಿಳಿದರು. ಅದು ಮುಗಿಯಲು 58 ದಿನ ಹಿಡಿಯಿತು. ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು, ಪೈಲಟ್‌ಗಳಿಗೆ ಅನ್ನಿಸಲಿಲ್ಲ: ತರಬೇತಿಯ ಸರದಿ ತಪ್ಪಿದರೆ ನಂಬರು ತಪ್ಪಿದ ಹಾಗೇ.

ಸಿಮ್‌ಗೆ ಮುಂಚಿನ ಒಂದು ತಿಂಗಳು

ಹೊಸ ವಿಮಾನ ಕಲಿಯುವ ದಾರಿ ಇದು: ಗ್ರೌಂಡ್ ಸ್ಕೂಲ್, ಪರೀಕ್ಷೆ, ಅಲುಗಾಡದ ಟ್ರೈನರ್, ಅಲುಗಾಡುವ ಫುಲ್ ಫ್ಲೈಟ್ ಸಿಮ್ಯುಲೇಟರ್ (ಸಿಮ್, ಅಂದರೆ ನೆಲದ ಮೇಲಿನ ನಕಲು ಕಾಕ್‌ಪಿಟ್), ಸ್ಕಿಲ್ ಟೆಸ್ಟ್, ನಿಜವಾದ ವಿಮಾನದಲ್ಲಿ ಲ್ಯಾಂಡಿಂಗ್, ಲೈಸೆನ್ಸ್ ಮೇಲೆ ಎಂಡಾರ್ಸ್‌ಮೆಂಟ್, ಆಮೇಲೆ ಟ್ರೈನಿಂಗ್ ಕ್ಯಾಪ್ಟನ್ ಪಕ್ಕ ಕೂತು ಲೈನ್ ಹಾರಾಟ, ರಿಲೀಸ್ ಚೆಕ್. ಕಲಿಕೆಗಿಂತ ಸಿಮ್ ಸ್ಲಾಟಿಗೆ, ಕಾಗದಕ್ಕೆ ಕಾಯುವುದರಲ್ಲೇ ಹೆಚ್ಚು ದಿನ ಹೋಗುತ್ತದೆ.

ಕಾಕ್‌ಪಿಟ್ ಪೋಸ್ಟರನ್ನು ನಿಜವಾದ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ಗೋಡೆಗೆ ಅಂಟಿಸಿ, ಎದುರಿಗೆ ಕುರ್ಚಿ ಹಾಕಿಕೊಳ್ಳಿ. ದಿನಕ್ಕೆ ಅರ್ಧ ಗಂಟೆ ಕೈ ಆಡಿಸಿ, ಬಾಯಲ್ಲಿ ಹೇಳಿ. ಮನಸ್ಸಿನಲ್ಲಿ ಓದಿಕೊಂಡದ್ದು ಸಿಮ್‌ನಲ್ಲಿ ಗಂಟೆ ಬಡಿದಾಗ ಬಾಯಿಗೆ ಬರುವುದಿಲ್ಲ. ಕಣ್ಣು ಮುಚ್ಚಿದರೂ ಬರಬೇಕಾದವು ಇವು: ಫ್ಲಾಪ್ ವೇಗದ ಮಿತಿ 230, 200, 185, 177 ನಾಟ್ (ಒಂದು, ಎರಡು, ಮೂರು, ಫುಲ್). ವೇಗದ ಮಾಪಕ ಕೈಕೊಟ್ಟರೆ ಥ್ರಸ್ಟ್ (ಎಂಜಿನ್ ತಳ್ಳುವ ಬಲ) ಇಳಿಸುವ ಎತ್ತರದ ಕೆಳಗೆ ಮೂತಿ 15 ಡಿಗ್ರಿ, ಟೋಗಾ (ಪೂರ್ತಿ ಥ್ರಸ್ಟ್). ಅದರಿಂದ ಹತ್ತು ಸಾವಿರ ಅಡಿವರೆಗೆ 10 ಡಿಗ್ರಿ, ಕ್ಲೈಂಬ್ (ಏರುವಾಗಿನ ಥ್ರಸ್ಟ್). ಮೇಲೆ 5 ಡಿಗ್ರಿ, ಕ್ಲೈಂಬ್. ಟೇಕಾಫ್‌ನಲ್ಲಿ ಎಂಜಿನ್ ಹೋದರೆ ಹನ್ನೆರಡೂವರೆ ಡಿಗ್ರಿ, 400 ಅಡಿಯವರೆಗೆ ಈಕ್ಯಾಮ್ (ದೋಷ ತೋರಿಸುವ ಪರದೆ) ಮುಟ್ಟುವಂತಿಲ್ಲ.

ಎಟಿಆರ್‌ನವರು ಎಡವುವ ಜಾಗಗಳು

ಮೊದಲನೆಯದು ಇಳಿಯುವುದು. ಎಟಿಆರ್‌ನಲ್ಲಿ ಪವರ್ ಎಳೆದರೆ ಎರಡು ಪ್ರೊಪೆಲರ್ ದೊಡ್ಡ ತಟ್ಟೆಗಳಂತೆ ಗಾಳಿಗೆ ಅಡ್ಡ ನಿಲ್ಲುತ್ತವೆ. ಎತ್ತರವೂ ವೇಗವೂ ಒಟ್ಟಿಗೇ ಇಳಿಯುತ್ತವೆ. 320ರಲ್ಲಿ ಒಂದನ್ನು ಇಳಿಸಿದರೆ ಇನ್ನೊಂದು ಇಳಿಯಲು ಒಲ್ಲೆ ಅನ್ನುತ್ತದೆ. ಕಳೆಯಬೇಕಾದ ಎತ್ತರವನ್ನು ಸಾವಿರದಲ್ಲಿ ತೆಗೆದುಕೊಂಡು ಮೂರರಿಂದ ಗುಣಿಸಿ: 30,000 ಅಡಿಗೆ 90 ನಾಟಿಕಲ್ ಮೈಲಿ. ವೇಗ ಇಳಿಸಲು ಬೇರೆಯೇ ದೂರ ಬೇಕು, ಮಟ್ಟವಾಗಿ ಹಾರುವಾಗ ಪ್ರತಿ 10 ನಾಟ್‌ಗೆ ಸುಮಾರು ಒಂದು ಮೈಲಿ. ರನ್‌ವೇಗೆ 10 ಮೈಲಿ ಇರುವಾಗ 3,000 ಅಡಿ, 180 ನಾಟ್ ಆಸುಪಾಸಿನಲ್ಲಿರಬೇಕು. ಅಲ್ಲಿ 4,500 ಅಡಿ, 230 ನಾಟ್ ಇದ್ದರೆ ಸರಿಪಡಿಸುವ ಆಸೆ ಬಿಟ್ಟು ಸುತ್ತು ಹಾಕಿಸಿಕೊಂಡು ಬನ್ನಿ.

ಎರಡನೆಯದು ಕೈ. ಯೋಕ್ (ಎಟಿಆರ್‌ನ ಸ್ಟಿಯರಿಂಗ್) ಹಿಡಿದ ಕೈ ಸೈಡ್‌ಸ್ಟಿಕ್ಕನ್ನು (320ರಲ್ಲಿ ಪಕ್ಕದಲ್ಲಿರುವ ಸಣ್ಣ ಕೋಲು) ಹಿಡಿದೇ ಇರುತ್ತದೆ, ಕಲಕುತ್ತಲೇ ಇರುತ್ತದೆ. ತುಸು ಒತ್ತಿ, ಬಿಡಿ. ವಿಮಾನ ಹಾಗೇ ನಿಲ್ಲುತ್ತದೆ. ಹೆಬ್ಬೆರಳು ಟ್ರಿಮ್ (ಕೈ ಒತ್ತದೆಯೂ ಮೂತಿ ನಿಲ್ಲುವಂತೆ ಮಾಡುವ ಹೊಂದಿಕೆ) ಹುಡುಕಿದರೂ ಸುಮ್ಮನಿರಿ, ಟ್ರಿಮ್ ತಾನೇ ಆಗುತ್ತದೆ. ಪಕ್ಕದವರೂ ಸ್ಟಿಕ್ ಎಳೆದರೆ ಎರಡೂ ಕೈಗಳ ಒತ್ತು ಕೂಡಿಕೊಳ್ಳುತ್ತದೆ, ಇನ್ನೊಬ್ಬರ ಸ್ಟಿಕ್ ಅಲುಗಿದ್ದು ನಿಮ್ಮ ಕೈಗೆ ತಿಳಿಯುವುದಿಲ್ಲ. "ಐ ಹ್ಯಾವ್ ಕಂಟ್ರೋಲ್" ಎನ್ನುವಾಗ ಸ್ಟಿಕ್ಕಿನ ಕೆಂಪು ಗುಂಡಿಯನ್ನೂ ಒತ್ತಿ ಹಿಡಿಯುವ ಅಭ್ಯಾಸ ಮೊದಲ ಸೆಷನ್‌ನಿಂದಲೇ ಇರಲಿ.

ಥ್ರಸ್ಟ್ ಲಿವರ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಆಟೋಥ್ರಸ್ಟ್ ಕೆಲಸ ಮಾಡುವಾಗ ಲಿವರ್ ಅಲುಗುವುದೇ ಇಲ್ಲ, ಕ್ಲೈಂಬ್ ಎಂದು ಗುರುತಿಸಿದ ಕಚ್ಚಿನಲ್ಲಿ ಕಲ್ಲಿನ ಹಾಗೆ ಕೂತಿರುತ್ತದೆ. 20 ಅಡಿಯಲ್ಲಿ "ರಿಟಾರ್ಡ್" ಎಂದು ಕೂಗುವುದು ನೆನಪಿಸಲು ಮಾತ್ರ. ಎಳೆಯಬೇಕಾದವರು ನೀವು, ಅದೂ ಎರಡನ್ನೂ. 2007ರ ಜುಲೈ 17ರಂದು ಬ್ರೆಜಿಲ್‌ನ ಕಾಂಗೋನ್ಯಾಸ್‌ನಲ್ಲಿ ಇಳಿದ 320ರ ಒಂದು ಎಂಜಿನ್‌ನ ರಿವರ್ಸರ್ (ಥ್ರಸ್ಟನ್ನು ತಿರುಗಿಸಿ ವಿಮಾನ ನಿಲ್ಲಿಸಲು ನೆರವಾಗುವ ಭಾಗ) ಕೆಲಸಕ್ಕಿರಲಿಲ್ಲ. ಆ ಕಡೆಯ ಲಿವರ್ ಕ್ಲೈಂಬ್‌ನಲ್ಲೇ ಉಳಿಯಿತು, ರೆಕ್ಕೆಯ ಮೇಲಿನ ಸ್ಪಾಯ್ಲರ್ (ಗಾಳಿಗೆ ಅಡ್ಡ ನಿಲ್ಲುವ ಫಲಕ) ಏಳಲಿಲ್ಲ, ವಿಮಾನ ರನ್‌ವೇ ದಾಟಿಹೋಯಿತು. ಸತ್ತವರು 199.

ಇನ್ನು ಎಫ್‌ಎಂಎ, ಅಂದರೆ ವಿಮಾನ ಯಾವ ಮೋಡಿನಲ್ಲಿದೆ ಎಂದು ತೋರಿಸುವ, ಮುಖ್ಯ ಪರದೆಯ ಮೇಲಂಚಿನ ಸಣ್ಣಕ್ಷರದ ಸಾಲು. ಪ್ರತಿ ಬದಲಾವಣೆಯನ್ನೂ ಗಟ್ಟಿಯಾಗಿ ಓದಿ ಎಂದು ಇನ್‌ಸ್ಟ್ರಕ್ಟರ್ ಯಾಕೆ ಕಾಡುತ್ತಾರೆ ಎಂಬುದಕ್ಕೆ ಉತ್ತರ ಬೆಂಗಳೂರಲ್ಲೇ ಇದೆ. 1990ರ ಫೆಬ್ರವರಿ 14ರಂದು ಎಚ್‌ಎಎಲ್ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿದ ಇಂಡಿಯನ್ ಏರ್‌ಲೈನ್ಸ್ 605, ಆಗಷ್ಟೇ ದೇಶಕ್ಕೆ ಬಂದಿದ್ದ 320. ಎಡಗಡೆ ಕೂತವರು ಹೊಸ ವಿಮಾನದ ರೂಟ್ ಚೆಕ್‌ನಲ್ಲಿದ್ದರು (ಹಾರಾಟದ ಪರೀಕ್ಷೆ). ವಿಮಾನ ಓಪನ್ ಡಿಸೆಂಟ್‌ನಲ್ಲಿತ್ತು. ಆ ಮೋಡಿನಲ್ಲಿ ಎಂಜಿನ್ ಐಡಲ್‌ನಲ್ಲೇ ಇರುತ್ತದೆ, ವೇಗ ಕಾಯುವುದು ಮೂತಿಯ ಕೆಲಸ. ಮೂತಿ ಎತ್ತಿದರೆ ವೇಗ ಕರಗುತ್ತದೆ. ವೇಗ ಬಿದ್ದದ್ದು ಗಮನಕ್ಕೆ ಬರುವಾಗ ತಡವಾಗಿತ್ತು. ಇದ್ದ 146 ಜನರಲ್ಲಿ 92 ಜನ ಹೋದರು.

ಸಿಮ್ ಸೆಷನ್ ನಾಲ್ಕು ಗಂಟೆ, ಎರಡು ಹಾರಿಸಲು, ಎರಡು ಪಕ್ಕದಲ್ಲಿ ಕೂತು ನೋಡಿಕೊಳ್ಳಲು. ಮಧ್ಯರಾತ್ರಿಯ ಸ್ಲಾಟೂ ಬರುತ್ತದೆ. ಬೆಳಗಿನ ಜಾವ ಮುಗಿಸಿ ದೇವನಹಳ್ಳಿ ರಸ್ತೆಯಲ್ಲಿ ತಾವೇ ಕಾರು ಓಡಿಸಿಕೊಂಡು ಬರುವ ಸಾಹಸ ಬೇಡ, ಕ್ಯಾಬ್ ಹಿಡಿಯಿರಿ.

ಮನೆಯಲ್ಲಿ ನಿಂತ ಕಾರಿಗೆ

ತರಬೇತಿ ಬೇರೆ ಊರಲ್ಲಾದರೆ ಕಾರು ಐವತ್ತು ದಿನ ನಿಂತೇ ಇರುತ್ತದೆ. ಬೀಗ ಹಾಕಿದ ಕಾರೂ ಅಲಾರಂ, ಕಂಪ್ಯೂಟರಿಗೆಂದು ಸುಮಾರು 30 ಮಿಲಿಆಂಪ್ ಕುಡಿಯುತ್ತದೆ. ದಿನಕ್ಕೆ 0.72 ಆಂಪ್-ಅವರ್, ಐವತ್ತು ದಿನಕ್ಕೆ 36. ಸಣ್ಣ ಕಾರಿನ ಬ್ಯಾಟರಿಯೇ 35. ಆದ್ದರಿಂದ 10 ಎಂಎಂ ಸ್ಪ್ಯಾನರ್‌ನಿಂದ ಕಪ್ಪು ಟರ್ಮಿನಲ್ ಬಿಚ್ಚಿಡಿ. ಕೆಂಪನ್ನು ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಡಿಕ್ಕಿ ಕರೆಂಟಿನಲ್ಲೇ ತೆರೆಯುವಂಥದ್ದಾದರೆ ಬೇಕಾದ ಸಾಮಾನು ಮೊದಲೇ ತೆಗೆದಿಟ್ಟುಕೊಳ್ಳಿ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡಲು ಮನೆಯವರಿಗೆ ಹೇಳುವುದರಿಂದ ಪ್ರಯೋಜನವಿಲ್ಲ. ಬ್ಯಾಟರಿ ತುಂಬುವುದಿಲ್ಲ, ಸೈಲೆನ್ಸರಿನಲ್ಲಿ ನೀರು ನಿಂತು ಒಳಗೇ ತುಕ್ಕು ಹಿಡಿಯುತ್ತದೆ. ಓಡಿಸುವುದಾದರೆ ಅರ್ಧ ಗಂಟೆ ರಸ್ತೆಗೆ ಒಯ್ಯಲಿ.

ಟೈರಿಗೆ 33 ಪಿಎಸ್‌ಐ ಹಾಕುವಲ್ಲಿ 37 ತುಂಬಿ, ಬಂದ ಮೇಲೆ ಇಳಿಸಿ. ಹ್ಯಾಂಡ್‌ಬ್ರೇಕ್ ಬಿಟ್ಟು, ಫಸ್ಟ್ ಗೇರ್ ಹಾಕಿ, ಚಕ್ರಕ್ಕೆ ಮರದ ತುಂಡು ಕೊಡಿ. ಬ್ರೇಕ್ ಎಳೆದಿಟ್ಟರೆ ಮಳೆಗಾಲದಲ್ಲಿ ಹಿಂದಿನ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಹೊದಿಕೆ ತೇವ ಹಿಡಿದಿಡುತ್ತದೆ, ಬಟ್ಟೆಯದೇ ಸರಿ.

ಪದ್ಮಿನಿಯಂಥ ಕಾರ್ಬ್ಯುರೇಟರ್ ಕಾರಿಗೆ ಇನ್ನೊಂದು ಕೆಲಸ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ 20% ಇದ್ದು, ಅದು ನೀರು ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಉಬ್ಬಿಸುತ್ತದೆ. ಪಂಪಿಗೆ ಬರುವ ಪೈಪನ್ನು ಕ್ಲಾಂಪಿನಿಂದ ಹಿಚುಕಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರ್ ಖಾಲಿ ಮಾಡಿ. ಕೆಳಗೆ ಮಲಗಿ ಕೆಲಸ ಮಾಡುವಾಗ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಒಂದು ಚೂರು ತುಕ್ಕು ಕಣ್ಣಿಗೆ ಬಿದ್ದರೂ ಪೈಲಟ್‌ಗೆ ಬೇಕಾದ ಕ್ಲಾಸ್ 1 ಮೆಡಿಕಲ್‌ಗೆ ಕುತ್ತು, ಸಿಕ್ಕ ಸಿಮ್ ಸ್ಲಾಟ್ ಹಿಂದಿನವರಿಗೆ.

ತಿರುಗಿ ಬಂದ ದಿನ ಟರ್ಮಿನಲ್ ಹಾಕುವ ಮುಂಚೆ ಬಾನೆಟ್ ಎತ್ತಿ ಇಲಿ ಕಡಿದ ವೈರ್ ಇದೆಯೇ ನೋಡಿ, ಮಲ್ಟಿಮೀಟರ್ ಇಟ್ಟು ನೋಡಿ: 12.4 ವೋಲ್ಟ್ ಮೇಲಿದ್ದರೆ ಸ್ಟಾರ್ಟ್ ಮಾಡಿ, ಕೆಳಗಿದ್ದರೆ ಮೊದಲು ಚಾರ್ಜರ್. ಮೊದಲ ನಾಲ್ಕೈದು ಬ್ರೇಕಿಗೆ ಡಿಸ್ಕ್ ಕರಕರ ಅನ್ನುತ್ತದೆ, ತುಕ್ಕು ಉಜ್ಜಿಹೋದ ಮೇಲೆ ನಿಲ್ಲುತ್ತದೆ. ಒಂದು ಕಿಲೋಮೀಟರ್ ದಾಟಿದರೂ ನಿಲ್ಲದಿದ್ದರೆ ಗ್ಯಾರೇಜಿಗೆ ಒಯ್ಯಿರಿ.