ಗಂಡು ಗಿನಿ ಪಿಗ್‌ನ ಹಿಂಭಾಗದ ಶುಚಿತ್ವ: ನನ್ನ ಅನುಭವ

ಗಂಡು ಗಿನಿ ಪಿಗ್ ಸಾಕುವವರು ವಾರಕ್ಕೊಮ್ಮೆಯಾದರೂ ಅದನ್ನು ಎತ್ತಿಕೊಂಡು ಹಿಂಭಾಗವನ್ನು ಸರಿಯಾಗಿ ನೋಡಬೇಕು. ಈ ಮಾತನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಇದನ್ನು ಹೇಳಲು ಸಂಕೋಚಪಡುವವರೇ ಹೆಚ್ಚು. ಆಹಾರ, ಗೂಡು, ಹುಲ್ಲು ಇವುಗಳ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಮಾತನಾಡುತ್ತಾರೆ. ಗುದದ್ವಾರ, ಜನನಾಂಗ, ಅವುಗಳ ನಡುವಿನ ಚರ್ಮದ ಚೀಲ ಎಂದೊಡನೆ ಮಾತು ನಿಂತುಬಿಡುತ್ತದೆ. ಗಿನಿ ಪಿಗ್ ಸ್ವಭಾವತಃ ನೋವನ್ನು ಅಡಗಿಸಿಕೊಳ್ಳುವ ಪ್ರಾಣಿ. ಬೇಟೆಗೆ ಸಿಕ್ಕುವ ಜಾತಿಯಾದ್ದರಿಂದ ಕಾಯಿಲೆ ಬಲಿಯುವವರೆಗೂ ಏನೂ ಆಗಿಲ್ಲವೆಂಬಂತೆ ಇರುತ್ತದೆ. ಆದ್ದರಿಂದ ನಾವೇ ಹುಡುಕಿಕೊಂಡು ಹೋಗಿ ನೋಡಬೇಕು.

ನಾನು ಸಾಕಿದ್ದು ಗಂಡುಗಳನ್ನೇ. ಗುಂಡ ಗಿಡ್ಡ ಕೂದಲಿನವನು, ಕೆಂಚ ಉದ್ದ ಕೂದಲಿನವನು. ಇಬ್ಬರ ತೊಂದರೆಗಳೂ ಬೇರೆ ಬೇರೆ, ಅವುಗಳಿಗೆ ಬೇಕಾದ ಆರೈಕೆಯೂ ಬೇರೆ. ಮೊದಲ ಬಾರಿ ಎಲ್ಲವನ್ನೂ ಕೈಹಿಡಿದು ತೋರಿಸಿಕೊಟ್ಟವರು ಸಣ್ಣ ಪ್ರಾಣಿಗಳನ್ನು ನೋಡಿ ಅಭ್ಯಾಸವಿದ್ದ ಒಬ್ಬ ಪಶುವೈದ್ಯರು. ಇಲ್ಲಿ ಬರೆಯುವುದೆಲ್ಲ ಅವರಿಂದ ಕಲಿತು, ನನ್ನ ಕೈಯಲ್ಲಿ ಪಳಗಿದ ಕ್ರಮ.

ಮೊದಲು ಹಿಡಿಯುವ ರೀತಿ. ಗಿನಿ ಪಿಗ್‌ಗೆ ಅಂಗಾತ ಮಲಗಿಸುವುದು ಸ್ವಲ್ಪವೂ ಹಿಡಿಸುವುದಿಲ್ಲ. ನಾನು ನೆಲದ ಮೇಲೆ ಕುಳಿತು ತೊಡೆಯ ಮೇಲೆ ದಪ್ಪ ಟವೆಲ್ ಹಾಸಿಕೊಳ್ಳುತ್ತೇನೆ. ಅವನ ಬೆನ್ನು ನನ್ನ ಹೊಟ್ಟೆಗೆ ಒರಗುವಂತೆ, ಕುಳಿತ ಭಂಗಿಯಲ್ಲಿ ಇಟ್ಟುಕೊಳ್ಳುತ್ತೇನೆ. ಎಡಗೈ ಅವನ ಮುಂಗಾಲುಗಳ ಕೆಳಗೆ ಎದೆಯನ್ನು ಆತುಕೊಂಡಿರುತ್ತದೆ, ಬಲಗೈ ಕೆಲಸಕ್ಕೆ. ನೆಲದ ಮೇಲೆ ಕುಳಿತುಕೊಳ್ಳುವುದಕ್ಕೆ ಕಾರಣವಿದೆ: ಗಿನಿ ಪಿಗ್ ಇದ್ದಕ್ಕಿದ್ದಂತೆ ಜಿಗಿದರೆ ಕುರ್ಚಿಯ ಎತ್ತರದಿಂದ ಬಿದ್ದರೂ ಮೂಳೆ ಮುರಿಯಬಹುದು, ಹಲ್ಲು ಮುರಿಯಬಹುದು. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಮುಂದೆ ಕುಳಿತು ಇಷ್ಟದ ಸೊಪ್ಪನ್ನು ಮೆಲ್ಲಲು ಕೊಡುತ್ತಾ ಇರಲಿ. ತಿನ್ನುತ್ತಿರುವ ಗಿನಿ ಪಿಗ್ ಅರ್ಧ ಭಯ ಮರೆತಿರುತ್ತದೆ.

ಬೆನ್ನಿನ ತುದಿಯಲ್ಲಿ, ಬಾಲವಿದ್ದಿದ್ದರೆ ಎಲ್ಲಿ ಹುಟ್ಟುತ್ತಿತ್ತೋ ಅಲ್ಲಿ, ಒಂದು ಜಿಡ್ಡಿನ ಗ್ರಂಥಿ ಇರುತ್ತದೆ. ಹೆಣ್ಣುಗಳಲ್ಲೂ ಉಂಟು, ಗಂಡುಗಳಲ್ಲಿ ಹಾರ್ಮೋನಿನ ಪ್ರಭಾವದಿಂದ ಹೆಚ್ಚು ಚುರುಕು. ತನ್ನ ಜಾಗವೆಂದು ಗುರುತು ಹಾಕಲು ಗಂಡು ಪೃಷ್ಠವನ್ನು ನೆಲಕ್ಕೆ ಎಳೆಯುತ್ತಾ ಹೋಗುವುದು ಈ ಜಿಡ್ಡನ್ನು ಸವರುವುದಕ್ಕಾಗಿಯೇ. ಕೆಲವರಲ್ಲಿ ಇದು ಗೊತ್ತೇ ಆಗುವುದಿಲ್ಲ. ಕೆಂಚನಲ್ಲಿ ಮಾತ್ರ ಆ ಜಾಗದ ಉದ್ದ ಕೂದಲೆಲ್ಲ ಅಂಟಿಕೊಂಡು, ಕಂದು ಬಣ್ಣದ ಮೇಣದಂಥ ಪೊರೆ ಕಟ್ಟುತ್ತಿತ್ತು. ಒಣಗಿದ ಪೊರೆಯನ್ನು ಉಗುರಿನಿಂದ ಕೆರೆಯಲೇಬಾರದು. ಅದರಡಿಯ ಚರ್ಮ ತೆಳು, ಕಿತ್ತುಬರುತ್ತದೆ, ಗಾಯವಾದರೆ ಸೋಂಕು ತಗಲುತ್ತದೆ.

ನಾನು ಮಾಡುವುದು ಹೀಗೆ. ಬೆರಳ ತುದಿಯಷ್ಟು ಕೊಬ್ಬರಿ ಎಣ್ಣೆಯನ್ನು ಆ ಜಾಗಕ್ಕೆ ಹಚ್ಚಿ ಮೆತ್ತಗೆ ತಿಕ್ಕಿ ಐದರಿಂದ ಹತ್ತು ನಿಮಿಷ ಬಿಡುತ್ತೇನೆ. ಜಿಡ್ಡು ಜಿಡ್ಡಿನಲ್ಲೇ ಕರಗುತ್ತದೆ, ನೀರಿಗೆ ಜಗ್ಗುವುದಿಲ್ಲ. ಪೊರೆ ಸಡಿಲವಾದ ಮೇಲೆ ಹತ್ತಿಯಿಂದ ಒರೆಸಿ, ಸಣ್ಣ ಪ್ರಾಣಿಗಳಿಗೆಂದೇ ಇರುವ ಸುವಾಸನೆಯಿಲ್ಲದ ಶಾಂಪೂ ಒಂದು ಹನಿ ಹಾಕಿ, ಅಷ್ಟು ಭಾಗವನ್ನು ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯುತ್ತೇನೆ. ಒಂದೇ ಸಲಕ್ಕೆ ಎಲ್ಲ ಹೋಗದಿದ್ದರೆ ಮರುದಿನಕ್ಕೆ ಬಿಡುತ್ತೇನೆ, ಹಟ ಹಿಡಿಯುವುದಿಲ್ಲ. ಸುತ್ತಲಿನ ಕೂದಲನ್ನು ಗಿಡ್ಡವಾಗಿ ಕತ್ತರಿಸಿಟ್ಟ ಮೇಲೆ ಕೆಂಚನಿಗೆ ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಸಾಕಾಯಿತು. ಆ ಜಾಗ ಕೆಂಪಾಗಿ ಊದಿಕೊಂಡರೆ, ಕೀವು ಒಸರಿದರೆ, ಗಂಟು ಕೈಗೆ ಸಿಕ್ಕರೆ ಎಣ್ಣೆಯ ಡಬ್ಬಿಯನ್ನು ಮುಚ್ಚಿ ವೈದ್ಯರಲ್ಲಿಗೆ ಹೊರಡಬೇಕು.

ಇನ್ನು ಮುಖ್ಯ ಸಂಗತಿ. ಗಂಡು ಗಿನಿ ಪಿಗ್‌ನ ಗುದದ್ವಾರ, ವೃಷಣಗಳ ನಡುವೆ ಚರ್ಮದ ಒಂದು ಮಡಿಕೆಯೊಳಗೆ ಕುಳಿತಿರುತ್ತದೆ. ಆ ಮಡಿಕೆಯೇ ಒಂದು ಪುಟ್ಟ ಚೀಲ. ಅದರೊಳಗೂ ವಾಸನೆಯ ಗ್ರಂಥಿಗಳಿವೆ, ಬಿಳಿ ಹಳದಿ ಬಣ್ಣದ ಸ್ರಾವ ಅಲ್ಲಿ ಕೂಡಿಕೊಳ್ಳುತ್ತದೆ. ಪೃಷ್ಠ ಎಳೆಯುವ ಅಭ್ಯಾಸವೂ ಸೇರಿ ಹುಲ್ಲಿನ ಚೂರು, ಕೂದಲು, ಹಾಸಿನ ಪುಡಿ ಎಲ್ಲ ಅದರೊಳಗೆ ಸೇರಿಬಿಡುತ್ತವೆ. ಗುಂಡನ ಚೀಲದಿಂದ ನಾನು ಹೊರತೆಗೆದ ಒಣಹುಲ್ಲಿನ ಕಡ್ಡಿಗಳನ್ನು ಕಂಡರೆ, ಅಷ್ಟು ಉದ್ದದ್ದು ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ಹಿಡಿಸಿತು ಎಂದು ಅಚ್ಚರಿಯಾಗುತ್ತಿತ್ತು. ಅವನು ಒಂದು ಸಲವೂ ದೂರಲಿಲ್ಲ. ತೆಗೆದ ಮೇಲೆ ನಡಿಗೆ ಹಗುರಾದದ್ದು ಮಾತ್ರ ಕಣ್ಣಿಗೆ ಕಂಡಿತು.

ಇದನ್ನು ಶುಚಿ ಮಾಡಲು ಹತ್ತಿ ಸುತ್ತಿದ ಕಡ್ಡಿಗೆ ಎಣ್ಣೆ ಸವರಿ, ಮಡಿಕೆಯ ಎರಡು ಬದಿಯನ್ನು ಹೆಬ್ಬೆರಳು ತೋರುಬೆರಳಿನಿಂದ ಮೆಲ್ಲನೆ ಅಗಲಿಸಿ, ಒಳಗಿನ ಗೋಡೆಯ ಮೇಲೆ ಮಾತ್ರ ಸುತ್ತು ಹಾಕುತ್ತೇನೆ. ಗುದದ್ವಾರದೊಳಗೆ ಕಡ್ಡಿ ಹೋಗಬಾರದು. ಆರೋಗ್ಯವಂತ ಪ್ರಾಯದ ಗಂಡಿಗೆ ಇದು ಎರಡು ಮೂರು ವಾರಕ್ಕೊಮ್ಮೆ ಸಾಕು. ಅತಿಯಾಗಿ ಉಜ್ಜಿದರೆ ಒಳಚರ್ಮ ಕೆರಳಿ ಸ್ರಾವ ಇನ್ನಷ್ಟು ಹೆಚ್ಚುತ್ತದೆ.

ಶಿಶ್ನವನ್ನೂ ನೋಡಬೇಕು. ಮುಂದೊಗಲಿನ ಸ್ವಲ್ಪ ಮೇಲೆ, ಹೊಟ್ಟೆಯ ಕಡೆಯಿಂದ ಮೆತ್ತಗೆ ಒತ್ತಿದರೆ ಅದು ತಾನಾಗಿ ಹೊರಬರುತ್ತದೆ. ಕೆಲವೊಮ್ಮೆ ಕೂದಲೊಂದು ಬುಡಕ್ಕೆ ಉಂಗುರದಂತೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಅದನ್ನು ಎಣ್ಣೆ ಹಚ್ಚಿ ಸಡಿಲಿಸಿ ಬಿಡಿಸಬೇಕು, ಇಲ್ಲವಾದರೆ ರಕ್ತಸಂಚಾರವೇ ನಿಲ್ಲಬಹುದು. ತುದಿಯಲ್ಲಿ ಎರಡು ಪುಟ್ಟ ಕೊಂಬಿನಂಥವು ಕಾಣಿಸಿದರೆ ಗಾಬರಿ ಬೇಡ. ಅವು ಈ ಜಾತಿಯ ಗಂಡಿಗೆ ಸಹಜವಾಗಿಯೇ ಇರುತ್ತವೆ. ಇನ್ನೊಂದು ಸಂಗತಿ ಹೊಸಬರನ್ನು ತುಂಬ ಹೆದರಿಸುತ್ತದೆ: ವೀರ್ಯ ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಗಟ್ಟಿಯಾಗಿ, ರಬ್ಬರಿನಂಥ ಬಿಳಿಚ ತುಂಡಾಗುತ್ತದೆ. ಹೊಟ್ಟೆಯ ಕೂದಲಿಗೆ ಅಂಟಿಕೊಂಡರೆ ಎಳೆದರೂ ಬರುವುದಿಲ್ಲ. ಎಳೆಯಲೂಬಾರದು. ಅಷ್ಟು ಕೂದಲನ್ನು ಕತ್ತರಿಸಿ ತೆಗೆಯುವುದೇ ನೋವಿಲ್ಲದ ದಾರಿ. ತುಂಡು ಮುಂದೊಗಲಿನೊಳಗೆ ಸಿಕ್ಕಿಕೊಂಡು ಮೂತ್ರಕ್ಕೆ ಅಡ್ಡಿಯಾದರೆ ಆ ಕ್ಷಣವೇ ವೈದ್ಯರ ಕೆಲಸ.

ಗುಂಡನಿಗೆ ವಯಸ್ಸಾಗುತ್ತಿದ್ದಂತೆ ಬಂದದ್ದು ಇವೆಲ್ಲಕ್ಕಿಂತ ದೊಡ್ಡ ತೊಂದರೆ. ಅವನ ಮೈಯಿಂದ ಯಾವಾಗಲೂ ಒಂದು ಹುಳಿತ ವಾಸನೆ. ತೂಕ ನಿಧಾನಕ್ಕೆ ಇಳಿಯುತ್ತಿತ್ತು. ಎತ್ತಿ ನೋಡಿದರೆ ಚೀಲದೊಳಗೆ ಹಸಿರು ಕಂದು ಬಣ್ಣದ ಮೆತ್ತನೆಯ ಉಂಡೆ ಕಟ್ಟಿಕೊಂಡಿತ್ತು. ಗಿನಿ ಪಿಗ್ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಒಂದು, ನಾವು ಗೂಡಿನಲ್ಲಿ ಗುಡಿಸಿ ತೆಗೆಯುವ ಗಟ್ಟಿ ಹಿಕ್ಕೆ. ಇನ್ನೊಂದು ಮೆತ್ತನೆಯದು, ಅದನ್ನು ಪ್ರಾಣಿ ಬಗ್ಗಿ ನೇರವಾಗಿ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ಬಿ ಗುಂಪಿನ ವಿಟಮಿನ್‌ಗಳೂ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳೂ ಮತ್ತೆ ಸಿಗುವುದು ಅದರಿಂದಲೇ. ವಯಸ್ಸಾದ ಗಂಡುಗಳಲ್ಲಿ ಗುದದ ಸುತ್ತಲಿನ ಸ್ನಾಯು ಸಡಿಲಗೊಂಡು ಮಡಿಕೆ ಜೋಲುತ್ತದೆ. ಗಟ್ಟಿ ಹಿಕ್ಕೆ ಹೇಗೋ ಹೊರಬೀಳುತ್ತದೆ, ಮೆತ್ತನೆಯದು ಅಲ್ಲೇ ತಂಗುತ್ತದೆ. ಹೀಗಾಗಿ ಗೂಡಿನಲ್ಲಿ ಹಿಕ್ಕೆ ಕಾಣುತ್ತಿದೆಯೆಂಬ ಒಂದೇ ಕಾರಣಕ್ಕೆ ಎಲ್ಲ ಸರಿಯಿದೆ ಎಂದುಕೊಳ್ಳುವಂತಿಲ್ಲ.

ಮೊದಲು ವೈದ್ಯರಿಗೆ ತೋರಿಸಿದೆ. ಬೆನ್ನುಮೂಳೆಯ ತೊಂದರೆ, ಸಂಧಿವಾತ, ಬೊಜ್ಜು, ಹಲ್ಲಿನ ನೋವು ಇವುಗಳಿಂದಲೂ ಪ್ರಾಣಿ ಬಗ್ಗಲಾರದೆ ಹೀಗಾಗಬಹುದು ಎಂದು ಅವರು ಎಲ್ಲವನ್ನೂ ಪರೀಕ್ಷಿಸಿದರು. ಗುಂಡನಿಗೆ ಇದ್ದದ್ದು ವಯಸ್ಸು. ಇದು ವಾಸಿಯಾಗುವುದಿಲ್ಲ, ನೀವೇ ದಿನವೂ ಖಾಲಿ ಮಾಡಿಕೊಡಬೇಕು ಎಂದರು. ಕೇಳಿದಾಗ ಭಾರವೆನಿಸಿತು. ಆದರೆ ಕೈ ಪಳಗಿದ ಮೇಲೆ ಅದು ಐದು ನಿಮಿಷದ ಕೆಲಸ.

ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಮಡಿಕೆಯ ಮೇಲೆ ಒಂದೆರಡು ನಿಮಿಷ ಇಟ್ಟು ಮೆದುವಾಗಿಸುತ್ತಿದ್ದೆ. ಬಳಿಕ ಒಳಗೆ ಎಣ್ಣೆ ಸವರಿ, ಎರಡು ಹೆಬ್ಬೆರಳನ್ನು ಉಂಡೆಯ ಹಿಂದೆ, ಅಂದರೆ ದೇಹದ ಕಡೆಗೆ ಇಟ್ಟು, ಹೊರಮುಖವಾಗಿ ನಿಧಾನವಾಗಿ ಒತ್ತುತ್ತಿದ್ದೆ. ಉಂಡೆ ತಾನಾಗಿ ಜಾರಿ ಹೊರಬರುತ್ತದೆ. ಬರದಿದ್ದರೆ ಇನ್ನಷ್ಟು ಎಣ್ಣೆ, ಇನ್ನಷ್ಟು ಕಾಯುವಿಕೆ; ಬಲಪ್ರಯೋಗ ಬೇಡ. ಚರ್ಮ ಹರಿದರೆ ವಾಸಿಯಾಗುವುದು ಬಹಳ ಕಷ್ಟದ ಜಾಗ ಅದು. ಹೊರಬಂದದ್ದು ತಾಜಾ, ಹೊಳಪಾಗಿ, ವಾಸನೆಯಿಲ್ಲದೆ ಇದ್ದರೆ ಅವನ ಮೂಗಿನ ಮುಂದೆ ಹಿಡಿಯುತ್ತಿದ್ದೆ. ಎಷ್ಟೋ ಬಾರಿ ಸಂತೋಷದಿಂದ ತಿನ್ನುತ್ತಿದ್ದ. ಅಸಹ್ಯಪಟ್ಟುಕೊಳ್ಳಬೇಡಿ, ಅವನಿಗೆ ಅದು ಆಹಾರ. ದಿನಗಟ್ಟಲೆ ಒಳಗೇ ಕೊಳೆತದ್ದನ್ನು ಮಾತ್ರ ಎಸೆಯಬೇಕು.

ಇದರ ಜೊತೆಗೆ ಊಟದಲ್ಲಿ ಒಣಹುಲ್ಲಿನ ಪಾಲು ಇನ್ನಷ್ಟು ಹೆಚ್ಚಿತು, ಹಣ್ಣು ಬಹುತೇಕ ನಿಂತಿತು. ನಾರು ಹೆಚ್ಚಿದಷ್ಟೂ ಹಿಕ್ಕೆಗೆ ಆಕಾರ ಬರುತ್ತದೆ, ಸಿಹಿ ಹೆಚ್ಚಿದಷ್ಟೂ ಅಂಟಾಗುತ್ತದೆ. ವಿಟಮಿನ್ ಸಿ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಮನುಷ್ಯರಂತೆ ಗಿನಿ ಪಿಗ್‌ಗಳ ದೇಹವೂ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಕೊರತೆಯಾದರೆ ಕೀಲುಗಳು ನೋಯುತ್ತವೆ, ಕೀಲು ನೋಯುವ ಪ್ರಾಣಿ ಬಗ್ಗಿ ಮೈ ನೆಕ್ಕಿಕೊಳ್ಳುವುದಿಲ್ಲ, ಹಿಂಭಾಗ ಕೊಳೆಯಾಗುತ್ತದೆ. ನೀರಿಗೆ ಬೆರೆಸುವ ವಿಟಮಿನ್ ಸಿ ನನಗೆ ಒಪ್ಪಿಗೆಯಿಲ್ಲ, ಬೆಳಕಿಗೆ ಬೇಗ ಹಾಳಾಗುತ್ತದೆ, ಎಷ್ಟು ಹೊಟ್ಟೆಗೆ ಹೋಯಿತೆಂದು ಲೆಕ್ಕವೂ ಸಿಗದು. ದೊಣ್ಣೆಮೆಣಸಿನಕಾಯಿಯ ತುಂಡನ್ನು ದಿನವೂ ಕೊಡುತ್ತೇನೆ.

ಪೂರ್ತಿ ಸ್ನಾನ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಒದ್ದೆ ಮೈಯಲ್ಲಿ ಚಳಿ ಹಿಡಿದರೆ ಉಸಿರಾಟದ ತೊಂದರೆಗೆ ದಾರಿ, ಹೆದರಿಕೆ ಬೇರೆ. ಹಿಂಭಾಗ ಮೂತ್ರದಿಂದ ತೀರ ಕೊಳೆಯಾದಾಗ ಮಾತ್ರ ಅಗಲ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಎರಡು ಸೆಂಟಿಮೀಟರಿನಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ, ಕೈಯಿಂದ ತೊಳೆದು, ಕೂದಲ ಬುಡದವರೆಗೆ ಒಣಗುವ ತನಕ ಒರೆಸುತ್ತೇನೆ. ಸುವಾಸನೆಯ ಎಣ್ಣೆ, ಮನುಷ್ಯರ ಶಾಂಪೂ, ಮನೆಯಲ್ಲಿ ಉಳಿದ ಮುಲಾಮು ಯಾವುದೂ ಬೇಡ. ಉಳಿದ ಆಂಟಿಬಯಾಟಿಕ್ ಮಾತ್ರೆಯಂತೂ ಖಂಡಿತ ಬೇಡ: ಪೆನಿಸಿಲಿನ್, ಅಮಾಕ್ಸಿಸಿಲಿನ್ ಬಾಯಿಗೆ ಬಿದ್ದರೆ ಕರುಳಿನ ಸೂಕ್ಷ್ಮಜೀವಿಗಳ ಸಮತೋಲನ ಕೆಟ್ಟು ಪ್ರಾಣಿಯೇ ಸಾಯಬಹುದು.

ಹಾಸಿನ ಬಗ್ಗೆ ಒಂದು ಮಾತು. ನುಣ್ಣನೆಯ ಮರದ ಪುಡಿ ಗಂಡುಗಳಿಗೆ ಸಲ್ಲದು, ನೇರವಾಗಿ ಚೀಲಕ್ಕೇ ಸೇರುತ್ತದೆ. ಉಣ್ಣೆಯಂಥ ಮೆತ್ತನೆಯ ಬಟ್ಟೆಯ ಹಾಸು ಹಾಕಿ, ಹುಲ್ಲನ್ನು ಬೇರೆ ತೊಟ್ಟಿಯಲ್ಲಿಟ್ಟ ಮೇಲೆ ನನ್ನ ಕೆಲಸ ಅರ್ಧವಾಯಿತು. ಬಟ್ಟೆಯನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಲೇಬೇಕು. ಒದ್ದೆ ಹಾಸಿನ ಮೇಲೆ ನಿಂತರೆ ಅಂಗಾಲು ಹುಣ್ಣಾಗುತ್ತದೆ. ಬಟ್ಟೆಯ ಮೇಲೆ ಮೂತ್ರ ಒಣಗಿದಾಗ ಬಿಳಿ ಪುಡಿ ಉಳಿಯುವುದು ಸಹಜ, ಅದು ಕ್ಯಾಲ್ಸಿಯಂ. ಬೆರಳಿಗೆ ಮರಳಿನಂತೆ ಚುಚ್ಚಿದರೆ, ರಕ್ತ ಕಂಡರೆ, ಮೂತ್ರ ಮಾಡುವಾಗ ಕೀರಲು ದನಿ ತೆಗೆದರೆ ಕಲ್ಲು ಇರಬಹುದು. ಗಂಡಿನ ಮೂತ್ರನಾಳ ಕಿರಿದು, ಕಲ್ಲು ಸಿಕ್ಕಿಕೊಂಡರೆ ಕಾಯಲು ಸಮಯವಿರುವುದಿಲ್ಲ. ನೊಣಗಳ ಕಾಲದಲ್ಲಿ ಕೊಳೆಯಾದ ಹಿಂಭಾಗದ ಮೇಲೆ ಅವು ಮೊಟ್ಟೆಯಿಡುತ್ತವೆ, ಹುಳು ಹುಟ್ಟಿ ಜೀವಂತ ಮಾಂಸವನ್ನೇ ತಿನ್ನುತ್ತವೆ. ಆ ದಿನಗಳಲ್ಲಿ ನಾನು ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೋಡುತ್ತೇನೆ.

ಕಣ್ಣಿನಿಂದ ಹಾಲಿನಂಥ ಬಿಳಿ ದ್ರವ ಬರುವುದು ಮಾತ್ರ ರೋಗವಲ್ಲ. ಮುಂಗಾಲಿಗೆ ಅದನ್ನು ಹಚ್ಚಿಕೊಂಡು ಅವು ಮುಖ ತೊಳೆದುಕೊಳ್ಳುತ್ತವೆ. ಯಾವಾಗಲೂ ಅಂಟಾಗಿ ಉಳಿದು ಕಣ್ಣು ಮುಚ್ಚಿಕೊಂಡರೆ ಆಗ ಯೋಚಿಸಬೇಕು.

ಇಷ್ಟೆಲ್ಲದರ ನಡುವೆ ನಾನು ಅತಿ ಹೆಚ್ಚು ನಂಬುವ ಸಾಧನ ತಕ್ಕಡಿ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಗಿ ಬರೆದಿಡುತ್ತೇನೆ. ಬೆಳೆದ ಗಂಡು ಸಾಮಾನ್ಯವಾಗಿ 900ರಿಂದ 1,200 ಗ್ರಾಂ ಇರುತ್ತದೆ. ಒಂದು ವಾರದಲ್ಲಿ 50 ಗ್ರಾಂ ಇಳಿದರೆ ಹಿಂಭಾಗ, ಹಲ್ಲು, ಹಿಕ್ಕೆ ಮೂರನ್ನೂ ಅಂದೇ ನೋಡುತ್ತೇನೆ. 100 ಗ್ರಾಂ ಇಳಿದರೆ ನಾನು ಹುಡುಕುತ್ತಾ ಕೂರುವುದಿಲ್ಲ, ಪುಸ್ತಕದ ಆ ಪುಟದ ಸಮೇತ ವೈದ್ಯರಲ್ಲಿಗೆ ಹೊರಡುತ್ತೇನೆ. ಬರೆದಿಟ್ಟ ತೂಕ ಅವರಿಗೆ ನನ್ನ ವಿವರಣೆಗಿಂತ ಹೆಚ್ಚು ಹೇಳುತ್ತದೆ.